ಅಂಕಿ ಒಂದೇ, ಅರ್ಥ ಎರಡು

(ಶುಶ್ರೂಷಾ ವಿದ್ಯಾರ್ಥಿಗಳ ಮುಂದೆ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



ನಾನು ವೈದ್ಯನಲ್ಲ, ಪತ್ರಿಕಾ ವರದಿಗಾರ. ಉಸಿರಾಟದ ಚಿಕಿತ್ಸೆಯ ಬಗ್ಗೆ ನಿಮಗೆ ಪಾಠ ಹೇಳುವ ಅರ್ಹತೆ ನನಗಿಲ್ಲ. ಆದರೆ ಅಂಕಿಯೊಂದನ್ನು ತಪ್ಪಾಗಿ ಓದುವ ಭಯ ನಿಮ್ಮ ವೃತ್ತಿಗೂ ನನ್ನ ವೃತ್ತಿಗೂ ಸಮಾನ. ನಾವು ತಪ್ಪಿದರೆ ಮರುದಿನ ತಿದ್ದುಪಡಿ ಪ್ರಕಟಿಸುತ್ತೇವೆ. ನಿಮಗೆ ಆ ಅವಕಾಶವಿಲ್ಲ. ಅದಕ್ಕಾಗಿಯೇ ಈ ಕಥೆಯನ್ನು ಆರಿಸಿಕೊಂಡೆ.

1952ರಲ್ಲಿ ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಭೀಕರವಾಗಿ ಹಬ್ಬಿತು. ಸಾಂಕ್ರಾಮಿಕ ರೋಗಗಳಿಗೆ ಮೀಸಲಾದ ಬ್ಲೆಗ್‌ಡಾಮ್ ಆಸ್ಪತ್ರೆಯಲ್ಲಿ ಇದ್ದುದು ‘ಕಬ್ಬಿಣದ ಶ್ವಾಸಕೋಶ’ ಎನ್ನುವ ಒಂದು ಯಂತ್ರ ಮತ್ತು ಎದೆಗೆ ಕಟ್ಟುವ ಆರು ಉಪಕರಣಗಳು. ಮೊದಲ ಮೂರು ವಾರಗಳಲ್ಲಿ ಉಸಿರಾಟದ ಸ್ನಾಯುಗಳೇ ಸೋತಿದ್ದ 31 ರೋಗಿಗಳಿಗೆ ಇವುಗಳಿಂದ ಚಿಕಿತ್ಸೆ ನಡೆಯಿತು. ಅವರಲ್ಲಿ 27 ಮಂದಿ ತೀರಿಕೊಂಡರು.

ವೈದ್ಯರನ್ನು ಕಾಡಿದ ಒಗಟು ಬೇರೆಯೇ ಇತ್ತು. ಆಮ್ಲಜನಕ ಕೊಟ್ಟಿದ್ದರಿಂದ ಅನೇಕ ರೋಗಿಗಳ ಮೈಬಣ್ಣ ಚೆನ್ನಾಗಿಯೇ ಇತ್ತು. ಆದರೂ ಅವರು ಸಾಯುತ್ತಿದ್ದರು. ಅಲ್ಲಿ ಬಳಕೆಯಲ್ಲಿದ್ದ ರಕ್ತಪರೀಕ್ಷೆ ಇಂಗಾಲದ ಡೈ ಆಕ್ಸೈಡಿನ ಒಟ್ಟು ಪ್ರಮಾಣವನ್ನಷ್ಟೇ ಹೇಳುತ್ತಿತ್ತು. ಅದು ವಿಪರೀತ ಏರಿತ್ತು. ರಕ್ತದಲ್ಲಿ ಈ ಅನಿಲದ ಬಹುಪಾಲು ಇರುವುದು ಬೈಕಾರ್ಬನೇಟ್ ರೂಪದಲ್ಲಿ. ಅದು ಕ್ಷಾರ. ಆದ್ದರಿಂದ ರಕ್ತದಲ್ಲಿ ಯಾವುದೋ ಕಾರಣಕ್ಕೆ ಕ್ಷಾರ ಹೆಚ್ಚಾಗಿದೆ ಎಂದು ವೈದ್ಯರು ಅರ್ಥ ಮಾಡಿಕೊಂಡರು.

ಆಸ್ಪತ್ರೆಯ ಮುಖ್ಯಸ್ಥ ಲಾಸೆನ್ ಅವರು ಆಗಸ್ಟ್ ಕೊನೆಯ ವಾರದಲ್ಲಿ ಬಿಯಾನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞರನ್ನು ಕರೆಸಿದರು. ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಇತರರ ಉಸಿರಾಟ ನಡೆಸುವುದೇ ಇಬ್ಸೆನ್‌ರ ನಿತ್ಯದ ಕೆಲಸ. ಅದೇ ಅಂಕಿಯನ್ನು ಅವರು ಬೇರೆ ರೀತಿ ಓದಿದರು. ರೋಗಿಗಳು ಬೆವರುತ್ತಿದ್ದಾರೆ, ರಕ್ತದೊತ್ತಡ ಏರಿದೆ. ಅಂದರೆ ಆಮ್ಲಜನಕ ಒಳಗೆ ಹೋಗುತ್ತಿದೆ, ಇಂಗಾಲದ ಡೈ ಆಕ್ಸೈಡ್ ಹೊರಗೆ ಬರುತ್ತಿಲ್ಲ. ರಕ್ತ ಕ್ಷಾರವಾಗಿಲ್ಲ, ಆಮ್ಲವಾಗುತ್ತಿದೆ! ಪ್ರಯೋಗಾಲಯದ ಪೌಲ್ ಆಸ್ಟ್ರುಪ್ ರಕ್ತದ ಆಮ್ಲೀಯತೆಯನ್ನು ಅಳೆದಾಗ ಈ ಮಾತು ನಿಜವೆಂದು ಖಚಿತವಾಯಿತು.

ಆಗಸ್ಟ್ 27ರಂದು ಸಾವಿನಂಚಿನಲ್ಲಿದ್ದ 12 ವರ್ಷದ ಹುಡುಗಿಯೊಬ್ಬಳ ಗಂಟಲಿನ ಬಳಿ ಶ್ವಾಸನಾಳಕ್ಕೆ ರಂಧ್ರ ಮಾಡಿ ಕೊಳವೆ ಇಳಿಸಲಾಯಿತು. ಅದಕ್ಕೆ ರಬ್ಬರಿನ ಚೀಲ ಜೋಡಿಸಿ ಗಾಳಿ ಒತ್ತಿದರೆ ಹೋಗಲೊಲ್ಲದು. ಹುಡುಗಿ ಉಸಿರಿಗಾಗಿ ಒದ್ದಾಡುತ್ತಿದ್ದಳು. ಇಬ್ಸೆನ್ ಅರಿವಳಿಕೆ ಔಷಧಿ ಕೊಟ್ಟು ಆ ಒದ್ದಾಟವನ್ನೇ ನಿಲ್ಲಿಸಿದರು. ಆಮೇಲೆ ಚೀಲ ಕೆಲಸ ಮಾಡಿತು, ಹುಡುಗಿ ಬದುಕಿದಳು.

ಯಂತ್ರಗಳಿರಲಿಲ್ಲ, ಕೈಗಳಿದ್ದವು. ಮುಂದಿನ ತಿಂಗಳುಗಳಲ್ಲಿ ಸುಮಾರು 1,500 ವಿದ್ಯಾರ್ಥಿಗಳು ಪಾಳಿಯ ಮೇಲೆ ರೋಗಿಗಳ ತಲೆಯ ಬಳಿ ಕುಳಿತು, ಹಗಲೂ ರಾತ್ರಿ ಚೀಲ ಒತ್ತಿದರು. ನಿಮ್ಮಷ್ಟೇ ವಯಸ್ಸಿನವರು. ಆರಂಭದಲ್ಲಿ ಶೇ 87ರಷ್ಟಿದ್ದ ಸಾವು ಕ್ರಮೇಣ ಶೇ 40ಕ್ಕಿಂತ ಕೆಳಗಿಳಿಯಿತು. ಮುಂದಿನ ವರ್ಷ ಇಬ್ಸೆನ್ ಕೋಪನ್‌ಹೇಗನ್‌ನ ಇನ್ನೊಂದು ಆಸ್ಪತ್ರೆಯಲ್ಲಿ ಆರಂಭಿಸಿದ ವಿಭಾಗವೇ ಇಂದಿನ ತೀವ್ರ ನಿಗಾ ಘಟಕಗಳಿಗೆ ನಾಂದಿಯಾಯಿತು ಎನ್ನಲಾಗುತ್ತದೆ.

ಇದು ಹಳೆಯ ಕಥೆ ಎನ್ನಬೇಡಿ. 2020–21ರ ಕೋವಿಡ್ ದಿನಗಳಲ್ಲಿ ನಮ್ಮ ಎಷ್ಟೋ ಮನೆಗಳಿಗೆ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಬಂತು. ಅದು ಹೇಳುವುದು ಆಮ್ಲಜನಕದ ಮಟ್ಟವನ್ನು ಮಾತ್ರ. ಆಮ್ಲಜನಕ ಪಡೆಯುತ್ತಿರುವ ರೋಗಿಯ ಉಸಿರು ಕ್ಷೀಣಿಸಿ, ಇಂಗಾಲದ ಡೈ ಆಕ್ಸೈಡ್ ಸೇರಿಕೊಂಡು ಮಂಪರು ಕವಿಯುತ್ತಿದ್ದರೂ ಅದು ಒಳ್ಳೆಯ ಅಂಕಿಯನ್ನೇ ತೋರಿಸಬಹುದು.

ಒಳ್ಳೆಯ ಅಂಕಿ ಇನ್ನೂ ದೊಡ್ಡ ಮೋಸ ಮಾಡಿದ ಉದಾಹರಣೆಯಿದೆ. ತೀವ್ರವಾಗಿ ಹಾನಿಗೊಂಡ ಶ್ವಾಸಕೋಶದ ರೋಗಿಗಳಿಗೆ ವೆಂಟಿಲೇಟರ್ ಪ್ರತಿ ಉಸಿರಿಗೆ ಎಷ್ಟು ಗಾಳಿ ಕೊಡಬೇಕು? ಅಮೆರಿಕದಲ್ಲಿ 861 ರೋಗಿಗಳ ಮೇಲೆ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನ ಈ ಪ್ರಶ್ನೆಗೆ ಉತ್ತರ ಹುಡುಕಿತು. ಎತ್ತರಕ್ಕೆ ತಕ್ಕಂತೆ ಲೆಕ್ಕ ಹಾಕಿದ ದೇಹತೂಕದ ಪ್ರತಿ ಕಿಲೋಗೆ ಒಂದು ಗುಂಪಿಗೆ 12 ಮಿಲಿಲೀಟರ್, ಇನ್ನೊಂದಕ್ಕೆ 6. ಮೊದಲ ದಿನಗಳಲ್ಲಿ ಆಮ್ಲಜನಕದ ಅಂಕಿ ಚೆನ್ನಾಗಿದ್ದುದು ಹೆಚ್ಚು ಗಾಳಿ ಪಡೆದವರಲ್ಲಿ. ಹೆಚ್ಚು ಮಂದಿ ಸತ್ತದ್ದೂ ಅವರಲ್ಲೇ: ಶೇ 39.8. ಕಡಿಮೆ ಗಾಳಿ ಪಡೆದವರಲ್ಲಿ ಸಾವು ಶೇ 31. ಹೆಚ್ಚಿನ ಗಾಳಿಯ ಹಿಗ್ಗಾಟವೇ ಶ್ವಾಸಕೋಶವನ್ನು ಇನ್ನಷ್ಟು ಗಾಸಿಗೊಳಿಸುತ್ತಿತ್ತು.

ಹಾಗೆಂದು ಅಂಕಿಗಳನ್ನು ನಂಬಬಾರದು ಎಂದಲ್ಲ. ಇಬ್ಸೆನ್‌ರ ಊಹೆಯನ್ನು ಖಚಿತಪಡಿಸಿದ್ದೂ ಒಂದು ಅಂಕಿಯೇ. ಪ್ರಶ್ನೆ ಇಷ್ಟೇ: ಈ ಅಂಕಿ ಏನನ್ನು ಅಳೆಯುತ್ತಿದೆ, ಏನನ್ನು ಅಳೆಯುತ್ತಿಲ್ಲ? ಇದಕ್ಕೆ ಬೇರೆ ಕಾರಣ ಇರಬಹುದೆ? ರೋಗಿಯ ಮೈ ಅದಕ್ಕೆ ಹೊಂದುವ ಮಾತನ್ನೇ ಹೇಳುತ್ತಿದೆಯೆ?

ವೆಂಟಿಲೇಟರ್ ಕೂಗಿದಾಗ ಪರದೆಗಿಂತ ಮೊದಲು ರೋಗಿಯನ್ನು ನೋಡಿ ಎಂದು ನಿಮ್ಮ ಗುರುಗಳು ಹೇಳುವುದು ಇದಕ್ಕೇ. ಎದೆ ಏರಿಳಿಯುತ್ತಿದೆಯೆ, ಕೊಳವೆ ಜಾರಿದೆಯೆ, ಕಫ ಕಟ್ಟಿದೆಯೆ? ರೋಗಿ ಕುಸಿಯುತ್ತಿದ್ದು ಕಾರಣ ತಿಳಿಯದಿದ್ದರೆ ಯಂತ್ರ ಕಳಚಿ ಅಂಬು ಬ್ಯಾಗ್ ಒತ್ತುತ್ತೀರಿ. 1956ರಲ್ಲಿ ಬಳಕೆಗೆ ಬಂದ ಆ ಚೀಲವನ್ನು ರೂಪಿಸಿದವರಲ್ಲಿ ಒಬ್ಬರು ಡೆನ್ಮಾರ್ಕಿನ ಇನ್ನೊಬ್ಬ ಅರಿವಳಿಕೆ ತಜ್ಞ. ಯಂತ್ರ ಎಷ್ಟೇ ದುಬಾರಿಯಾಗಿರಲಿ, ಪಕ್ಕದಲ್ಲಿ ಆ ಚೀಲ ಇರಲೇಬೇಕು. ಅದನ್ನು ಒತ್ತುವ ಕೈ ನಿಮ್ಮದು. ಆ ಹೊತ್ತಿನಲ್ಲಿ ಕಾರಣ ಹುಡುಕಬೇಕಾದ ತಲೆಯೂ ನಿಮ್ಮದೇ.