ಸ್ಕ್ಯಾನರ್‌ಗೊಂದು ಹೊರಾಂಗಣ ಆಂಟೆನಾ



2025ರ ಜುಲೈ ತಿಂಗಳಲ್ಲಿ ಗಗನಯಾತ್ರಿ ಶುಭಾಂಶು ಶುಕ್ಲಾ ಅವರು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ಹ್ಯಾಮ್ ರೇಡಿಯೊ ಮೂಲಕ ನಮ್ಮ ದೇಶದ ವಿದ್ಯಾರ್ಥಿಗಳ ಜೊತೆ ಮಾತನಾಡಿದ ಸುದ್ದಿ ನಿಮಗೆ ನೆನಪಿರಬಹುದು. ಇಂಥ ಸಂಭಾಷಣೆಗಳಲ್ಲಿ ನಿಲ್ದಾಣದ ಧ್ವನಿ ಸಾಮಾನ್ಯವಾಗಿ 145.800 ಮೆಗಾಹರ್ಟ್ಸ್ ಕಂಪನಾಂಕದಲ್ಲಿ ಭೂಮಿಗೆ ಬರುತ್ತದೆ. ನಿಲ್ದಾಣ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿದ್ದರೂ ನಮಗೂ ಅದಕ್ಕೂ ನಡುವೆ ಗುಡ್ಡವಿಲ್ಲ, ಕಟ್ಟಡವಿಲ್ಲ. ಹಾಗಾಗಿ ಸಾಧಾರಣ ಸ್ಕ್ಯಾನರ್ ಕೂಡ ಅದನ್ನು ಹಿಡಿಯಬಲ್ಲದು. ಹಿಡಿಯದಿದ್ದರೆ ದೋಷ ಹೆಚ್ಚಿನ ಸಲ ಸ್ಕ್ಯಾನರಿನದಲ್ಲ, ಅದರ ತಲೆಯ ಮೇಲಿರುವ ಗಿಡ್ಡ ರಬ್ಬರ್ ಆಂಟೆನಾದ್ದು.

ಸ್ಕ್ಯಾನರ್ ಎಂದರೆ ಒಂದಾದ ಮೇಲೊಂದರಂತೆ ಕಂಪನಾಂಕಗಳನ್ನು ತಡಕುತ್ತ, ಮಾತು ಕೇಳಿಬಂದಲ್ಲಿ ನಿಲ್ಲುವ ರೇಡಿಯೊ ರಿಸೀವರ್. ಅದಕ್ಕೆ ಕಡಿಮೆ ಖರ್ಚಿನಲ್ಲಿ ಹೊರಾಂಗಣ ಆಂಟೆನಾ ಮತ್ತು ಕೇಬಲ್ ಆರಿಸುವುದು ಹೇಗೆ, ಎಲ್ಲಿ ಹಣ ಉಳಿಸಬಹುದು, ಎಲ್ಲಿ ಉಳಿಸಬಾರದು ಎಂಬುದೇ ಈ ಮಾತಿನ ವಿಷಯ.

ಮೊದಲಿಗೆ ಕಾನೂನಿನ ಮಾತು. ರೇಡಿಯೊ ಉಪಕರಣ ಇಟ್ಟುಕೊಳ್ಳಲು ಸರ್ಕಾರದ ಅನುಮತಿ ಬೇಕೆಂಬ ನಿಯಮ ನಮ್ಮಲ್ಲಿ 1933ರ ಕಾಯ್ದೆಯ ಕಾಲದಿಂದ ಇದೆ. 2023ರ ದೂರಸಂಪರ್ಕ ಕಾಯ್ದೆಯೂ ಅದನ್ನು ಕೈಬಿಟ್ಟಿಲ್ಲ. ಸ್ಕ್ಯಾನರ್ ಕೊಳ್ಳುವ ಮೊದಲು ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ವಿಭಾಗದ ನಿಯಮಗಳನ್ನು ವಿಚಾರಿಸಿಕೊಳ್ಳಿ. ಇದೇ ಇಲಾಖೆ ನಡೆಸುವ ಪರೀಕ್ಷೆ ಬರೆದು ಹ್ಯಾಮ್ ಪರವಾನಗಿ ಪಡೆಯುವುದು ಎಲ್ಲಕ್ಕಿಂತ ಒಳ್ಳೆಯ ದಾರಿ. ಪೊಲೀಸರ, ಸೇನೆಯ, ವಿಮಾನಯಾನದ ಸಂದೇಶಗಳಿಗೆ ಕಿವಿಗೊಡುವ ಗೊಡವೆ ಬೇಡ. ಹ್ಯಾಮ್ ಹವ್ಯಾಸಿಗಳ 144ರಿಂದ 146 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲೇ ಕೇಳುವುದಕ್ಕೆ ಬೇಕಾದಷ್ಟಿದೆ. ಇಲ್ಲಿ ಹೇಳುವ ಅಳತೆಗಳೆಲ್ಲ ಈ ಪಟ್ಟಿಗೆ ಸೇರಿದವು.

ಈ ಕಂಪನಾಂಕದ ತರಂಗಗಳು ಬಹುಮಟ್ಟಿಗೆ ನೇರವಾಗಿ ಸಾಗುತ್ತವೆ. ಭೂಮಿ ಗುಂಡಗಿರುವುದರಿಂದ ಆಂಟೆನಾ ಎಷ್ಟು ಎತ್ತರದಲ್ಲಿದೆಯೋ ಅದರ ನೋಟವೂ ಅಷ್ಟು ದೂರ. ಇದಕ್ಕೊಂದು ಸರಳ ಲೆಕ್ಕವಿದೆ. ಎತ್ತರವನ್ನು ಮೀಟರಿನಲ್ಲಿ ಅಳೆದು, ಅದರ ವರ್ಗಮೂಲವನ್ನು 4.1ರಿಂದ ಗುಣಿಸಿದರೆ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. 4 ಮೀಟರ್ ಎತ್ತರಕ್ಕೆ ಸುಮಾರು 8 ಕಿಲೋಮೀಟರ್. 9 ಮೀಟರಿಗೆ ಸುಮಾರು 12. ಪ್ರಸಾರವಾಗುವ ಕಡೆಯ ಆಂಟೆನಾದ ನೋಟವನ್ನೂ ಇದಕ್ಕೆ ಕೂಡಿಸಬೇಕು. ಸುತ್ತಲಿನ ನೆಲಕ್ಕಿಂತ 400 ಮೀಟರ್ ಎತ್ತರದ ಬೆಟ್ಟದ ಮೇಲೆ ಹ್ಯಾಮ್ ಪುನಃಪ್ರಸಾರ ಕೇಂದ್ರವಿದ್ದರೆ ಅದರ ಪಾಲಿಗೇ 82 ಕಿಲೋಮೀಟರ್ ಸಿಗುತ್ತದೆ. ಹೀಗಾಗಿ ಕೋಣೆಯೊಳಗಿನ ದುಬಾರಿ ಆಂಟೆನಾಕ್ಕಿಂತ ತಾರಸಿಯ ಮೇಲಿನ ಅಗ್ಗದ ಆಂಟೆನಾ ಮೇಲು. ಎಲ್.ಇ.ಡಿ. ದೀಪ, ಇನ್ವರ್ಟರ್, ಕಂಪ್ಯೂಟರುಗಳ ಗೊರಗೊರ ಸದ್ದು ಕೂಡ ಅಲ್ಲಿ ಕಡಿಮೆ.

ಇನ್ನು ಆಂಟೆನಾದ ಆಯ್ಕೆ. ಅಂಗಡಿಯವರು ಸ್ಕ್ಯಾನರಿಗೆಂದು ಹೆಚ್ಚಾಗಿ ತೋರಿಸುವುದು ಡಿಸ್ಕೋನ್ ಆಂಟೆನಾ. ಮೇಲೊಂದು ತಟ್ಟೆ, ಕೆಳಗೊಂದು ಶಂಕುವಿನ ಆಕಾರದಲ್ಲಿ ಕಡ್ಡಿಗಳು. ಹತ್ತಾರು ಮೆಗಾಹರ್ಟ್ಸ್‌ನಿಂದ ಸಾವಿರಕ್ಕೂ ಮೇಲಿನವರೆಗೆ ಎಲ್ಲವನ್ನೂ ಹಿಡಿಯುವುದು ಅದರ ಗುಣ. ಯಾವುದನ್ನೂ ವಿಶೇಷವಾಗಿ ಹಿಡಿಯದಿರುವುದು ಅದರ ಕೊರತೆ. ಬೆಂಗಳೂರಿನಂಥ ಊರಿನಲ್ಲಿ ಹತ್ತಿರದ ಎಫ್.ಎಂ. ಕೇಂದ್ರಗಳ ಬಲವಾದ ಸಂಕೇತವನ್ನೂ ಅದು ತಂದು ಸುರಿಯುತ್ತದೆ. ಆಗ ಸ್ಕ್ಯಾನರ್ ತಬ್ಬಿಬ್ಬಾಗಿ, ಇಲ್ಲದ ಕಡೆಯೆಲ್ಲ ಸಿನಿಮಾ ಹಾಡು ಕೇಳಿಸತೊಡಗುತ್ತದೆ.

ನಿಮ್ಮ ಆಸಕ್ತಿ ಒಂದೇ ಪಟ್ಟಿಯಲ್ಲಿದ್ದರೆ ಕಾಲು ತರಂಗದ ಆಂಟೆನಾ ಸಾಕು. ಅದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. 145 ಮೆಗಾಹರ್ಟ್ಸ್‌ನಲ್ಲಿ ತರಂಗದ ಉದ್ದ 2 ಮೀಟರಿಗೆ ತುಸು ಹೆಚ್ಚು. ಅದರ ಕಾಲು ಭಾಗ ಸುಮಾರು 52 ಸೆಂಟಿಮೀಟರ್. ಲೋಹದ ಕಡ್ಡಿಯಲ್ಲಿ ಸ್ವಲ್ಪ ಕಡಿಮೆ ಮಾಡಿ 49 ಎಂದಿಟ್ಟುಕೊಳ್ಳಿ. ಕೇಬಲ್ ಸಿಕ್ಕಿಸುವ ಸಾಕೆಟ್ಟಿನ ನಡುವಿನ ಪಿನ್ನಿಗೆ ಈ ಅಳತೆಯ ಗಟ್ಟಿ ತಾಮ್ರದ ತಂತಿಯನ್ನು ನೆಟ್ಟಗೆ ಬೆಸೆಯಿರಿ. ಸಾಕೆಟ್ಟಿನ ನಾಲ್ಕು ಮೂಲೆಗಳ ರಂಧ್ರಗಳಿಗೆ ಸುಮಾರು 52 ಸೆಂಟಿಮೀಟರಿನ ನಾಲ್ಕು ತಂತಿಗಳನ್ನು ಬಿಗಿದು, 45 ಡಿಗ್ರಿ ಕೆಳಕ್ಕೆ ಬಗ್ಗಿಸಿ. ಕೊಡೆಯ ಕಡ್ಡಿಗಳಂತೆ ಕಾಣುವ ಇದೇ ನಿಮ್ಮ ಆಂಟೆನಾ. 435 ಮೆಗಾಹರ್ಟ್ಸ್ ಸರಿಯಾಗಿ ಮೂರು ಪಟ್ಟಾದ್ದರಿಂದ ಅಲ್ಲಿನ ಹ್ಯಾಮ್ ಪಟ್ಟಿಗೂ ಇದು ಒದಗುತ್ತದೆ. ನೆತ್ತಿಯ ನೇರಕ್ಕೆ ಮಾತ್ರ ಇದರ ಗ್ರಹಣ ದುರ್ಬಲ.

ತಾರಸಿಯಲ್ಲಿರುವ ಹಳೆಯ ಟಿ.ವಿ. ಆಂಟೆನಾ ಆಗದೇ ಎಂದು ನೀವು ಕೇಳಬಹುದು. ದೂರದರ್ಶನದ ಅನಲಾಗ್ ಭೂಪ್ರಸಾರ ಬಹುಪಾಲು 2022ರ ಹೊತ್ತಿಗೆ ನಿಂತ ಮೇಲೆ ಎಷ್ಟೋ ಮನೆಗಳಲ್ಲಿ ಅದು ಕಾಗೆ ಕೂರುವ ಕಂಬವಾಗಿದೆ. ಆದರೆ ಅದರ ಕಡ್ಡಿಗಳು ಅಡ್ಡಡ್ಡ ಇವೆ. ಹ್ಯಾಮ್‌ಗಳ ಮಾತು ಬರುವುದು ಸಾಮಾನ್ಯವಾಗಿ ನಿಂತ ಕಡ್ಡಿಯಿಂದ. ಹೀಗೆ ದಿಕ್ಕು ತಪ್ಪಿದರೆ ಸಂಕೇತದ ಬಹುಭಾಗ ನಷ್ಟವಾಗುತ್ತದೆ. ಕಡ್ಡಿಗಳನ್ನು ಬಿಚ್ಚಿಹಾಕಿ. ತುಕ್ಕು ಹಿಡಿಯದಿದ್ದರೆ ಜಿ.ಐ. ಪೈಪನ್ನು ಉಳಿಸಿಕೊಳ್ಳಿ, ಅಷ್ಟು ಹಣ ಉಳಿಯಿತು.

ಈಗ ಕೇಬಲ್. ಜನ ಹೆಚ್ಚು ಎಡವುವುದು ಇಲ್ಲಿ. ಕೇಬಲ್ಲಿನ ನಷ್ಟವನ್ನು ಡೆಸಿಬೆಲ್‌ನಲ್ಲಿ ಅಳೆಯುತ್ತಾರೆ. 3 ಡೆಸಿಬೆಲ್ ಎಂದರೆ ಸಂಕೇತದ ಅರ್ಧ ಹೋಯಿತು, 6 ಎಂದರೆ ಕಾಲು ಭಾಗ ಉಳಿಯಿತು. ರೇಡಿಯೊ ಅಂಗಡಿಯಲ್ಲಿ ಸಿಗುವ ತೆಳ್ಳನೆಯ ಆರ್.ಜಿ. 58 ಕೇಬಲ್ 150 ಮೆಗಾಹರ್ಟ್ಸ್ ಆಸುಪಾಸಿನಲ್ಲಿ 20 ಮೀಟರಿಗೆ ಸುಮಾರು 4 ಡೆಸಿಬೆಲ್ ನುಂಗುತ್ತದೆ. ಅಂದರೆ ಕೆಳಗೆ ತಲುಪುವುದು ಶೇಕಡ 40 ಮಾತ್ರ. ಡಿ.ಟಿ.ಎಚ್. ತಟ್ಟೆಗೆ ಹಾಕುವ ಆರ್.ಜಿ. 6 ಅಷ್ಟೇ ಉದ್ದಕ್ಕೆ ನುಂಗುವುದು ಸುಮಾರು 2 ಡೆಸಿಬೆಲ್. ಶೇಕಡ 60ಕ್ಕೂ ಮಿಕ್ಕಿ ಉಳಿಯುತ್ತದೆ. 450 ಮೆಗಾಹರ್ಟ್ಸ್‌ನಲ್ಲಿ ಅಂತರ ಇನ್ನೂ ದೊಡ್ಡದು. ಮೊದಲನೆಯದರಲ್ಲಿ ಐದನೇ ಒಂದು ಭಾಗವೂ ಉಳಿಯುವುದಿಲ್ಲ, ಎರಡನೆಯದರಲ್ಲಿ ಹೆಚ್ಚುಕಡಿಮೆ ಅರ್ಧ ಉಳಿಯುತ್ತದೆ. ಬೆರಳು ಗಾತ್ರದ ಆರ್.ಜಿ. 213 ಕೂಡ ನಷ್ಟದಲ್ಲಿ ಆರ್.ಜಿ. 6ಕ್ಕೆ ಸರಿಸಮ. ಬೆಲೆ ಮಾತ್ರ ಹಲವು ಪಟ್ಟು.

ಆರ್.ಜಿ. 6 ಕೇಬಲ್ 75 ಓಮ್‌ನದು, ಸ್ಕ್ಯಾನರ್ 50 ಓಮ್‌ನದು, ಹೊಂದುವುದಿಲ್ಲ ಎನ್ನುವವರಿದ್ದಾರೆ. ಮಾತು ನಿಜ. ಆದರೆ ಅಂಥ ಒಂದು ಜೋಡಣೆಯಲ್ಲಿ ಹಿಂದಿರುಗುವ ಶಕ್ತಿ ಶೇಕಡ 4 ಅಷ್ಟೇ. ಕೇವಲ ಕೇಳುವವರಿಗೆ ಅದು ಲೆಕ್ಕಕ್ಕಿಲ್ಲ. ಪರವಾನಗಿ ಪಡೆದು ಮುಂದೆ ಪ್ರಸಾರವನ್ನೂ ಮಾಡುವವರು ಮಾತ್ರ 50 ಓಮ್‌ನ ಒಳ್ಳೆಯ ಕೇಬಲ್ಲನ್ನೇ ಹಾಕಿಸಬೇಕು.

ಆರ್.ಜಿ. 6ರಲ್ಲೂ ತರತಮವಿದೆ. ಒಂದು ತುದಿಯನ್ನು ಸುಲಿಸಿ ನೋಡಿ. ಹೆಣೆದ ತಂತಿಯ ಜಾಲರಿ ದಟ್ಟವಾಗಿರಬೇಕು, ಅದರ ಕೆಳಗೆ ಲೋಹದ ಹಾಳೆ ಇರಬೇಕು. ನಡುವಿನ ತಂತಿ ತಾಮ್ರ ಲೇಪಿಸಿದ ಉಕ್ಕಾದರೂ ಚಿಂತೆಯಿಲ್ಲ. ಇಷ್ಟು ಹೆಚ್ಚಿನ ಕಂಪನಾಂಕದಲ್ಲಿ ವಿದ್ಯುತ್ತು ಹರಿಯುವುದು ಮೇಲ್ಪದರದಲ್ಲಿ. ಹೊರಕವಚ ಕಪ್ಪಾಗಿದ್ದರೆ ಬಿಸಿಲಿಗೆ ಹೆಚ್ಚು ಕಾಲ ಬಾಳುತ್ತದೆ. ಸಾಧ್ಯವಾದಷ್ಟೂ ಒಂದೇ ತುಂಡು ಕೇಬಲ್ ಎಳೆಯಿರಿ. ಮೇಲಿನ ಜೋಡಣೆಗೆ ನೀರು ಹೋಗದಂತೆ ರಬ್ಬರ್ ಟೇಪನ್ನು ಎಳೆದೆಳೆದು ಸುತ್ತಿ. ಕಿಟಕಿಯೊಳಗೆ ಬರುವ ಮೊದಲು ಕೇಬಲ್ಲನ್ನು ಕೆಳಕ್ಕೆ ಇಳಿಬಿಟ್ಟು ಮೇಲೆತ್ತಿದರೆ ಮಳೆನೀರು ಹೊರಗೇ ತೊಟ್ಟಿಕ್ಕುತ್ತದೆ.

ಬೂಸ್ಟರ್ ಕೊಳ್ಳುವ ಆತುರ ಬೇಡ. ಅದು ಸಂಕೇತದ ಜೊತೆಗೆ ಗದ್ದಲವನ್ನೂ ಹಿಗ್ಗಿಸುತ್ತದೆ. ಕೇಬಲ್ ತೀರ ಉದ್ದವಾದಾಗ ಮಾತ್ರ ಅದರಿಂದ ಪ್ರಯೋಜನ. ಆಗಲೂ ಅದು ಇರಬೇಕಾದ್ದು ಆಂಟೆನಾದ ಬುಡದಲ್ಲಿ, ಸ್ಕ್ಯಾನರಿನ ಪಕ್ಕದಲ್ಲಲ್ಲ.

ಇಷ್ಟೆಲ್ಲ ಉಳಿಸಿದ ಹಣದಲ್ಲಿ ಒಂದಷ್ಟನ್ನು ಸುರಕ್ಷತೆಗೆ ಎತ್ತಿಡಿ. ಪೈಪನ್ನು ನಿಲ್ಲಿಸುವಾಗ ಕೈಜಾರಿ ಅದು ವಿದ್ಯುತ್ ತಂತಿಗೆ ತಾಗಿದರೆ ಹಿಡಿದವರ ಜೀವವೇ ಹೋಗುತ್ತದೆ. ಯಾವ ಕಡೆ ಬಿದ್ದರೂ ತಂತಿಗೆ ತಾಗದಷ್ಟು ದೂರದಲ್ಲಿ ಜಾಗ ಆರಿಸಿ. ಅಂಥ ಜಾಗ ಇಲ್ಲವಾದರೆ ಪೈಪಿನ ಆಸೆ ಬಿಟ್ಟು, ಆಂಟೆನಾವನ್ನು ತಂತಿಯಿಲ್ಲದ ಕಡೆಯ ಕಿಟಕಿಯ ಬಳಿ ಕಟ್ಟಿಕೊಳ್ಳಿ. ಒಬ್ಬರೇ ಈ ಕೆಲಸಕ್ಕೆ ಇಳಿಯಬೇಡಿ, ಮಳೆ ಗಾಳಿಯಲ್ಲಂತೂ ಬೇಡವೇ ಬೇಡ.

ಪೈಪಿನ ಬುಡದಿಂದ ದಪ್ಪ ತಾಮ್ರದ ತಂತಿ ಎಳೆಸಿ ಅರ್ಥಿಂಗ್ ಮಾಡಿಸಿ. ಅದನ್ನು ಮನೆಯ ಅರ್ಥಿಂಗಿಗೂ ಕೂಡಿಸಬೇಕು; ಇದು ಬಲ್ಲ ಎಲೆಕ್ಟ್ರಿಷಿಯನ್ ಮಾಡುವ ಕೆಲಸ. ಆದರೂ ನೇರವಾಗಿ ಹೊಡೆದ ಸಿಡಿಲನ್ನು ತಡೆಯುತ್ತೇವೆಂಬ ಭ್ರಮೆ ಬೇಡ. ಏಪ್ರಿಲ್, ಮೇ ತಿಂಗಳ ಸಂಜೆ ಮೋಡ ಕಟ್ಟುವ ಸೂಚನೆ ಕಂಡೊಡನೆ ಕೇಬಲ್ಲನ್ನು ಸ್ಕ್ಯಾನರಿನಿಂದ ಬಿಡಿಸಿ ಮನೆಯ ಹೊರಗೆ ಇಡಿ. ಗುಡುಗು ಆರಂಭವಾದ ಮೇಲೆ ಅದನ್ನು ಮುಟ್ಟಬೇಡಿ.

ಹಣ ಹಾಕುವ ಕ್ರಮ ಹೀಗಿರಲಿ: ಮೊದಲು ಸುರಕ್ಷತೆ, ಆಮೇಲೆ ಎತ್ತರ, ಆಮೇಲೆ ಕೇಬಲ್, ಕೊನೆಗೆ ಆಂಟೆನಾ. ಅಂಗಡಿಯಲ್ಲಿ ಸಾಮಾನ್ಯವಾಗಿ ಈ ಪಟ್ಟಿಯನ್ನು ತಿರುವುಮುರುವಾಗಿ ಹೇಳುತ್ತಾರೆ. ನೀವು ಮನೆಯಿಂದ ಹೊರಡುವ ಮೊದಲೇ ತಾರಸಿಗೆ ಹತ್ತಿ, ಪೈಪಿನಿಂದ ಮೇಜಿನವರೆಗಿನ ದೂರವನ್ನು ಟೇಪು ಹಿಡಿದು ಅಳೆದುಕೊಳ್ಳಿ. ಮಿಕ್ಕ ಲೆಕ್ಕವೆಲ್ಲ ಆ ಅಳತೆಯಿಂದಲೇ ಶುರುವಾಗುತ್ತದೆ.