ಮೂಗನ್ನು ಮಾತ್ರ ನಂಬದಿರೋಣ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕಲಾಯಿಗಾರನು ಕಾದ ಪಾತ್ರೆಗೆ ನವಸಾಗರವನ್ನು ತಿಕ್ಕಿದಾಗ ಏಳುವ ಘಾಟು ಹಿರಿಯರಾದ ತಮಗೆಲ್ಲ ಪರಿಚಿತವಾದುದು. ಆ ನವಸಾಗರಕ್ಕೆ ಸುಣ್ಣ ಬೆರೆಸಿ ಕಾಸಿದರೆ ಹೊರಡುವ ಅನಿಲವೇ ಅಮೋನಿಯಾ. 1774ರ ಸುಮಾರಿಗೆ ಇದನ್ನು ಪಾದರಸದ ಮೇಲೆ ಹಿಡಿದು ಪರೀಕ್ಷಿಸಿದ ಆಂಗ್ಲ ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿ ಇದನ್ನು ಕ್ಷಾರವಾಯುವೆಂದು ಕರೆದನು.

ಇಂದು ಅಮೋನಿಯಾ ಗೊಬ್ಬರಕ್ಕೆ ಮೂಲದ್ರವ್ಯ. ಮಂಜುಗಡ್ಡೆಯ ಕಾರ್ಖಾನೆಗಳಲ್ಲಿ, ಹಾಲಿನ ಕೇಂದ್ರಗಳಲ್ಲಿ, ಒಣದ್ರಾಕ್ಷಿಯನ್ನು ಕಾಯ್ದಿಡುವ ಶೈತ್ಯಾಗಾರಗಳಲ್ಲಿ ತಂಪನ್ನುಂಟುಮಾಡುವ ಸೇವಕ. ಆದರೆ ಕೊಳವೆ ಸೋರಿತೆಂದರೆ ಆ ಸೇವಕನೇ ಶತ್ರುವಾಗುವನು. ಕಣ್ಣು, ಗಂಟಲು, ಶ್ವಾಸಕೋಶಗಳ ತೇವದಲ್ಲಿ ಕರಗಿ ಸುಡುವನು. ಅಂಥಲ್ಲಿ ದುಡಿಯುವವರು ನಮ್ಮ ಮನೆಗಳ ಮಕ್ಕಳೇ ಅಲ್ಲವೇ?

ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 5 ಭಾಗ ಅಮೋನಿಯಾ ಸೇರಿದರೂ ಮೂಗು ಅರಿಯಬಲ್ಲುದು. ದಿನದ ದುಡಿಮೆಗೆ ಅಮೆರಿಕದ ತಜ್ಞರು ವಿಧಿಸಿದ ಮಿತಿ 25 ಭಾಗ. 300 ಭಾಗವಾದರೆ ಪ್ರಾಣಕ್ಕೇ ಅಪಾಯ. ಹಾಗಾದರೆ ಮೂಗೇ ಸಾಲದೇ? ಸಾಲದು. ದಿನವೂ ಅದೇ ವಾಸನೆಯಲ್ಲಿರುವ ಮೂಗು ಅದಕ್ಕೆ ಒಗ್ಗಿ ಎಚ್ಚರಿಕೆಯನ್ನು ಮರೆಯುವುದು.

ಆರತಿಯ ತಟ್ಟೆಯಲ್ಲಿ ಅರಿಶಿನದ ನೀರಿಗೆ ಸುಣ್ಣ ಬೀಳಲು ಕೆಂಪೇರುವುದನ್ನು ನಮ್ಮ ತಾಯಂದಿರು ಬಲ್ಲರು. ಅರಿಶಿನ ಬಳಿದ ಒದ್ದೆ ಕಾಗದವೂ ಅಮೋನಿಯಾ ಸೋಕಿದರೆ ಹಾಗೆಯೇ ಕೆಂಗಂದಾಗುವುದು. ಅನಿಲ ಆರಿಹೋಗಲು ಮತ್ತೆ ಹಳದಿಯಾಗುವುದು. ಕಾರ್ಖಾನೆಗಳಲ್ಲಿ ಈ ಕಾವಲಿಗೆ ತವರದ ಆಕ್ಸೈಡಿನಂಥ ವಸ್ತುಗಳುಂಟು. ಅದನ್ನು ಕಾಯಿಸಿಟ್ಟಾಗ ಅದರ ಮೈಮೇಲಿನ ಆಮ್ಲಜನಕದೊಡನೆ ಅಮೋನಿಯಾ ವರ್ತಿಸಿ ವಿದ್ಯುತ್ತಿನ ಹರಿವನ್ನು ಹೆಚ್ಚಿಸುವುದು. ಒಡನೆ ಗಂಟೆ ಮೊಳಗುವುದು.

ಅರಿತ ಮೇಲೆ ತಡೆಯಬೇಕಷ್ಟೆ. ನೀರು ಅಮೋನಿಯಾವನ್ನು ತನ್ನೊಳಗೆ ಕರಗಿಸಿಕೊಳ್ಳುವುದು. ಒಂದು ಲೀಟರು ನೀರು ಸುಮಾರು 700 ಲೀಟರು ಅನಿಲವನ್ನು ನುಂಗಬಲ್ಲುದು. ಇದ್ದಿಲಿನ ರೀತಿ ಬೇರೆ. ಅದು ಅನಿಲವನ್ನು ತನ್ನ ಮೈಗೆ ಅಂಟಿಸಿಕೊಳ್ಳುವುದು, ಇದೇ ಅಧಿಶೋಷಣೆ. ಪಟುಗೊಳಿಸಿದ ಇದ್ದಿಲು ಒಂದು ಗ್ರಾಂ ಇದ್ದರೆ ಅದರ ಸೂಕ್ಷ್ಮ ರಂಧ್ರಗಳ ಒಳಮೈ ಸುಮಾರು 1000 ಚದರ ಮೀಟರು! ಆದರೂ ಬರಿಯ ಇದ್ದಿಲು ಅಮೋನಿಯಾವನ್ನು ಬಿಗಿಯಾಗಿ ಹಿಡಿಯಲಾರದು. ಅದಕ್ಕೆ ತಾಮ್ರದ ಅಥವಾ ಸತುವಿನ ಲವಣವನ್ನು ಉಣಿಸಬೇಕು. ನಮ್ಮ ರೈತರು ಬಲ್ಲ ಮೈಲುತುತ್ತವೂ ಅಂಥದೊಂದು ಲವಣವೇ.

ಜಿಯೊಲೈಟ್ ಎಂಬ ಕಲ್ಲುಗಳೂ ಇದಕ್ಕೆ ಒದಗುವುವು. ಕಾಸಿದರೆ ಕುದಿಯುವಂತೆ ಹಬೆಯುಗುಳುವುದರಿಂದ 1756ರಲ್ಲಿ ಸ್ವೀಡನ್ನಿನ ಕ್ರೋನ್‌ಸ್ಟೆಟ್ ಅವಕ್ಕೆ ಕುದಿಯುವ ಕಲ್ಲೆಂಬ ಅರ್ಥದ ಈ ಹೆಸರಿತ್ತನು. ನಮ್ಮ ದಖ್ಖನ್ನಿನ ಕರಿಕಲ್ಲಿನ ಪೊಟರೆಗಳಲ್ಲಿಯೂ ಈ ಕುಲದ ಹರಳುಗಳುಂಟು. ಕ್ಲಿನಾಪ್ಟಿಲೊಲೈಟ್ ಎಂಬ ಜಾತಿಯನ್ನು ಕೋಳಿಸಾಕಣೆಯ ಮನೆಗಳಲ್ಲಿ ಹರಡಿ ಘಾಟನ್ನು ತಗ್ಗಿಸುವರು.

ಆದುದರಿಂದ ಒಂದು ಮಾತು ನೆನಪಿರಲಿ: ಎಲ್ಲ ಮುಖಕವಚವೂ ಎಲ್ಲ ಅನಿಲವನ್ನೂ ತಡೆಯದು. ಮುಖಕ್ಕೆ ಕಟ್ಟಿದ ಒಣಬಟ್ಟೆ ಧೂಳಿಗಾದೀತು, ಅಮೋನಿಯಾಕ್ಕಾಗದು. ಅಮೆರಿಕ, ಯೂರೋಪುಗಳ ಪದ್ಧತಿಯಲ್ಲಿ ಅಮೋನಿಯಾ ತಡೆಯುವ ಡಬ್ಬಿಗೆ ಹಸಿರು ಗುರುತು. ಅದೂ ತುಂಬಿದ ಮೇಲೆ ನಿರರ್ಥಕ. ಸೋರಿಕೆ ದೊಡ್ಡದಾದರೆ ಗಾಳಿಗೆ ಅಡ್ಡಲಾಗಿ ದೂರ ಸರಿಯುವುದೇ ಲೇಸು.

ಕೆಲಸಕ್ಕೆ ಹೊರಟ ಮಗನನ್ನು ಬುತ್ತಿ ಕಟ್ಟಿಕೊಂಡೆಯಾ ಎಂದು ಕೇಳುವ ತಾಯಂದಿರು, ನಿನ್ನ ಮುಖಕವಚ ಯಾವ ಅನಿಲಕ್ಕೆ, ಅದರ ಡಬ್ಬಿ ಬದಲಿಸಿದರೇ ಎಂದೂ ಕೇಳಲಿ.