ಅಗ್ನಿಶಿಖೆಯ ಬಂಧುಬಳಗ



ಮಳೆಗಾಲದಲ್ಲಿ ಕಾರವಾರದ ಕಿನ್ನರದಿಂದ ಅಂಕೋಲೆಯ ಕಡೆಗೆ ಹೋಗುವಾಗ ಬೇಲಿ, ಪೊದೆಗಳ ಮೇಲೆ ಉರಿಯುವ ಜ್ವಾಲೆಯಂಥ ಹೂವೊಂದು ಕಾಣಸಿಗುತ್ತದೆ. ಗೌರಿ ಹಬ್ಬದ ವೇಳೆಗೆ ಅರಳುವುದರಿಂದ ಇದು ಗೌರಿ ಹೂವು. ಇನ್ನೊಂದು ಹೆಸರು ಅಗ್ನಿಶಿಖೆ. 1753ರಲ್ಲಿ ಲಿನೇಯಸ್ ಇದಕ್ಕೆ ಗ್ಲೋರಿಯೋಸಾ ಸುಪರ್ಬಾ ಎಂದು ಹೆಸರಿಟ್ಟ.

ನಮ್ಮದೇ ಎಂದು ನಾವು ತಿಳಿದಿರುವ ಈ ಬಳ್ಳಿಯ ಹತ್ತಿರದ ಬಂಧುಗಳು ಹೆಚ್ಚಾಗಿ ಇರುವುದು ಆಫ್ರಿಕಾದಲ್ಲಿ. ಗ್ಲೋರಿಯೋಸಾ ಜಾತಿಯಲ್ಲಿ ಸುಮಾರು ಹತ್ತು ಪ್ರಭೇದಗಳಿವೆ. ಅವುಗಳಲ್ಲಿ ಭಾರತದಲ್ಲೂ ಸಹಜವಾಗಿ ಬೆಳೆಯುವುದು ಇದೊಂದೇ. ಜಿಂಬಾಬ್ವೆಯ ರಾಷ್ಟ್ರಪುಷ್ಪವೂ ಇದೇ, ನೆರೆಯ ತಮಿಳುನಾಡಿನ ರಾಜ್ಯಪುಷ್ಪವೂ ಇದೇ.

ಬಳ್ಳಿಯನ್ನು ಹತ್ತಿರದಿಂದ ನೋಡಿ. ಎಲೆಯ ತುದಿಯೇ ಸುರುಳಿಯಾಗಿ ಆಸರೆಯನ್ನು ಹಿಡಿದುಕೊಳ್ಳುತ್ತದೆ. ಹತ್ತಲು ಬೇರೆ ಕುಡಿ ಬೇಕಿಲ್ಲ. ಆರು ಎಸಳುಗಳು ಹಿಂದಕ್ಕೆ ಮಡಚಿಕೊಂಡಿರುತ್ತವೆ, ಆರು ಕೇಸರಗಳು ಚಕ್ರದ ಕಡ್ಡಿಗಳಂತೆ ಸುತ್ತಲೂ ಚಾಚಿರುತ್ತವೆ. ಶಲಾಕೆಯಂತೂ ಅಂಡಾಶಯದ ತುದಿಯಲ್ಲೇ ಥಟ್ಟನೆ ಪಕ್ಕಕ್ಕೆ ತಿರುಗಿಬಿಡುತ್ತದೆ. ಅರಳುವಾಗ ಹಸಿರು-ಹಳದಿಯಾಗಿದ್ದ ಹೂವು ದಿನಗಳು ಕಳೆದಂತೆ ಕೆಂಪೇರುತ್ತದೆ. ನಮ್ಮ ಛಾಯಾಗ್ರಾಹಕರಿಗೆ ಇದೊಂದು ತಲೆನೋವು: ನಿನ್ನೆ ಚಿತ್ರೀಕರಿಸಿದ ಹೂವು ಇವತ್ತಿನದಕ್ಕೆ ಹೊಂದುವುದಿಲ್ಲ! ನೆಲದೊಳಗಿನ ಗೆಡ್ಡೆ ನೇಗಿಲಿನಂತೆ ಬಾಗಿರುತ್ತದೆ. ಅದಕ್ಕೇ ಸಂಸ್ಕೃತದಲ್ಲಿ ಲಾಂಗಲಿ ಎಂಬ ಹೆಸರು.

ಆರು ಎಸಳು, ಆರು ಕೇಸರ, ಮೂರು ಕೋಣೆಗಳ ಅಂಡಾಶಯ. ಇಷ್ಟನ್ನು ನೋಡಿ ಹಿಂದಿನವರು ಇದನ್ನು ಲಿಲಿಯೇಸಿ ಕುಟುಂಬಕ್ಕೆ ಸೇರಿಸಿದ್ದರು. ಬೆಂಥಮ್ ಮತ್ತು ಹೂಕರ್ ಪದ್ಧತಿಯನ್ನು ಓದಿದ ನಮಗೆಲ್ಲ ಪರಿಚಿತವಾದ ಆ ಕುಟುಂಬ ನಿಜಕ್ಕೂ ಒಂದು ಉಗ್ರಾಣ. ಈರುಳ್ಳಿ, ಶತಾವರಿ, ಲೋಳೆಸರ ಎಲ್ಲವೂ ಅದರೊಳಗೇ ಇದ್ದವು. 1985ರಲ್ಲಿ ಡಾಲ್‌ಗ್ರೆನ್ ಮತ್ತು ಅವರ ಸಹೋದ್ಯೋಗಿಗಳು ಆ ಉಗ್ರಾಣವನ್ನು ಒಡೆದು ಹಲವು ಕುಟುಂಬಗಳಾಗಿ ವಿಂಗಡಿಸಿದರು. ಡಿಎನ್ಎ ಆಧಾರದ 1998ರ ವರ್ಗೀಕರಣವೂ ಅಗ್ನಿಶಿಖೆಯನ್ನು ಕಾಲ್ಚಿಕೇಸಿ ಎಂಬ ಪ್ರತ್ಯೇಕ ಕುಟುಂಬದಲ್ಲಿ ಇರಿಸಿತು.

ಹೆಸರು ಬದಲಾದರೆ ನಮಗೇನು ಎಂದು ಕೇಳಬಹುದು. ಇಲ್ಲೇ ಇರುವುದು ವಿಷಯ. ಈ ಕುಟುಂಬದ ಗುರುತು ಕಾಲ್ಚಿಸಿನ್ ಎಂಬ ಕ್ಷಾರಾಭ. ಅದು ಈ ಕುಟುಂಬದ ಸಸ್ಯಗಳಲ್ಲಷ್ಟೇ ಕಂಡುಬಂದಿದೆ. 1820ರಲ್ಲಿ ಪೆಲೆಟಿಯೆ ಮತ್ತು ಕಾವಾಂತೂ ಇದನ್ನು ಯುರೋಪಿನ ಕಾಲ್ಚಿಕಂ ಗಿಡದಿಂದ ಬೇರ್ಪಡಿಸಿದ್ದರು. ಜೀವಕೋಶ ಒಡೆಯುವಾಗ ವರ್ಣತಂತುಗಳನ್ನು ಎರಡು ಕಡೆಗೆ ಎಳೆಯುವ ಎಳೆಗಳಿವೆಯಲ್ಲ, ಅವು ಕಟ್ಟಿಕೊಳ್ಳದಂತೆ ಕಾಲ್ಚಿಸಿನ್ ತಡೆಯುತ್ತದೆ. ಆಗ ಸಸ್ಯಕೋಶದ ವರ್ಣತಂತುಗಳು ಇಮ್ಮಡಿಯಾಗಿ ಒಳಗೇ ಉಳಿಯುತ್ತವೆ. 1937ರಲ್ಲಿ ಬ್ಲೇಕ್ಸ್‌ಲೀ ಮತ್ತು ಏವರಿ ಇದನ್ನು ಪ್ರಕಟಿಸಿದ ಮೇಲೆ ತಳಿವಿಜ್ಞಾನಿಗಳ ಕೈಗೆ ಹೊಸ ಸಾಧನ ಸಿಕ್ಕಿತು. ಬೀಜವಿಲ್ಲದ ಕಲ್ಲಂಗಡಿ ಬಂದದ್ದು ಇದರಿಂದಲೇ. ಸಂಧಿನೋವಿನ ಒಂದು ಬಗೆಯಾದ ಗೌಟ್‌ಗೆ ಕಾಲ್ಚಿಸಿನ್ ಔಷಧಿ. ಇದಕ್ಕಾಗಿಯೇ ತಮಿಳುನಾಡಿನ ರೈತರು ಅಗ್ನಿಶಿಖೆಯನ್ನು ಹೊಲದಲ್ಲಿ ಬೆಳೆದು ಬೀಜ ಮಾರುತ್ತಾರೆ.

ಆದರೆ ಔಷಧಿಗೂ ವಿಷಕ್ಕೂ ಇಲ್ಲಿ ಅಂತರ ಬಹಳ ಕಡಿಮೆ. ಗಿಡದ ಎಲ್ಲ ಭಾಗವೂ ವಿಷ. ಗೆಡ್ಡೆ ಮತ್ತು ಬೀಜದ ಬಗ್ಗೆ ಹೆಚ್ಚಿನ ಎಚ್ಚರ ಬೇಕು. ಶ್ರೀಲಂಕಾದಲ್ಲಿ ಇದನ್ನು ಸಿಹಿಗೆಣಸೆಂದು ಬೇಯಿಸಿ ತಿಂದು ಸತ್ತವರಿದ್ದಾರೆ. ಬೇಯಿಸಿದರೆ ವಿಷ ಹೋಗುವುದಿಲ್ಲ. ಮೊದಲು ವಾಂತಿ, ಭೇದಿ. ಕೆಲವು ದಿನಗಳಲ್ಲಿ ಮೂಳೆಯ ಮಜ್ಜೆಗೂ ಪೆಟ್ಟು.

ಇದೇ ಕುಟುಂಬದ ಇನ್ನೊಂದು ಸಸ್ಯ ಇಫಿಜೀನಿಯಾ ಇಂಡಿಕಾ. ಹುಲ್ಲಿನ ನಡುವೆ ಹುಲ್ಲಿನಂತೆಯೇ ನಿಲ್ಲುವ ಪುಟ್ಟ ಗಿಡ, ಕಡುನೇರಳೆ ಹೂವು. ಅಗ್ನಿಶಿಖೆಯ ಪಕ್ಕದಲ್ಲಿಟ್ಟರೆ ನೆಂಟರೆಂದು ಯಾರೂ ಹೇಳಲಾರರು. ಆದರೂ ಅದರಲ್ಲಿ ಕಾಲ್ಚಿಸಿನ್ ಇದೆ. ಕಣ್ಣಿಗೆ ಕಾಣದ ಈ ನಂಟನ್ನು ತೋರಿಸಿಕೊಟ್ಟದ್ದು ವರ್ಗೀಕರಣ.

ಕಾಡುಗೆಣಸು ಅಗೆಯಲು ಹೋಗುವ ಮಿತ್ರರು ನಿಮ್ಮಲ್ಲಿದ್ದರೆ, ಮೊದಲು ಬಳ್ಳಿಯ ಎಲೆಯ ತುದಿಯನ್ನು ನೋಡಲಿ. ಸುರುಳಿಯಿದ್ದರೆ ಆ ಗೆಡ್ಡೆಯನ್ನು ಮನೆಗೆ ತರುವುದು ಬೇಡ. ಬಳ್ಳಿ ಒಣಗಿ ಎಲೆಯೇ ಸಿಗದಿದ್ದರೂ ಬೇಡ. ಯಾರಾದರೂ ತಿಳಿಯದೆ ತಿಂದಿದ್ದರೆ, ವಾಂತಿಯಾಗಲಿ ಎಂದು ಕಾಯದೆ, ಉಳಿದ ಗೆಡ್ಡೆಯ ಚೂರಿನೊಂದಿಗೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.